ಸಹಾಯ ಬೇಕು: ಪೇಂಟ್‌ಬಾಲ್ ಮಾರ್ಕರ್ ಮೊದಲ ಹೊಡೆತದ ನಂತರ ಗಾಳಿ ಸೋರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಡಲ್ಲಾಸ್‌ನಲ್ಲಿದ್ದೇನೆ. ಮಗನಿಗೆ ಅಂತ 0.68 ಕ್ಯಾಲಿಬರ್‌ನ ಹಳೇ ಬ್ಲೋಬ್ಯಾಕ್ ಮಾರ್ಕರ್ (ಬಣ್ಣದ ಗುಂಡು ಹಾರಿಸುವ ಆಟದ ಗನ್; ಪ್ರತಿ ಹೊಡೆತದ ಗಾಳಿಯೇ ಅದನ್ನು ಮತ್ತೆ ಕಾಕ್ ಮಾಡಬೇಕು) ತೆಗೆದುಕೊಂಡೆ. ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಇಲ್ಲ. ಶನಿವಾರ ಅವನ ಮೊದಲ ಆಟ, ತುಂಬಾ ಆಸೆಯಿಂದ ಕಾಯ್ತಿದ್ದಾನೆ.

ಮೊದಲ ದಿನ ಕಾಕ್ ಮಾಡದೆ (ಹಿಡಿಯನ್ನು ಹಿಂದಕ್ಕೆ ಎಳೆಯದೆ) ಗಾಳಿ ಟ್ಯಾಂಕ್ ತಿರುಗಿಸಿ ಕೂರಿಸಿದೆ. ಬ್ಯಾರಲ್‌ನಿಂದ ಬುಸ್ ಅಂತ ಗಾಳಿ ಹೋಯಿತು. ಹ್ಯಾಮರ್ (ವಾಲ್ವ್‌ಗೆ ಹೊಡೆದು ಗಾಳಿ ಬಿಡುವ ಭಾಗ) ಮುಂದಿದ್ದರೆ ವಾಲ್ವ್ ಪಿನ್ ಒತ್ತಿಕೊಂಡೇ ಇರುತ್ತೆ ಅಂತ ಆಮೇಲೆ ತಿಳಿಯಿತು. ಈಗ ಗಾಗಲ್ಸ್ ಹಾಕಿ, ಬ್ಯಾರಲ್‌ಗೆ ಕವರ್ ಹಾಕಿ, ಹಿಡಿಯನ್ನು ಟಕ್ ಅನ್ನುವವರೆಗೆ ಹಿಂದಕ್ಕೆ ಎಳೆದು, ಸೇಫ್ಟಿ ಹಾಕಿ, ಆಮೇಲೇ ಟ್ಯಾಂಕ್ ನಿಧಾನವಾಗಿ ತಿರುಗಿಸುತ್ತೇನೆ. ಸೋರಿಕೆ ಇಲ್ಲ.

ತೊಂದರೆ ಇರುವುದು ಮೊದಲ ಹೊಡೆತದ ನಂತರ. ಬೋಲ್ಟ್ (ಹ್ಯಾಮರ್ ಜೊತೆ ಚಲಿಸಿ ಗುಂಡನ್ನು ಬ್ಯಾರಲ್‌ಗೆ ತಳ್ಳುವ ಭಾಗ) ಹಿಂದೆ ಬಂದು ನಿಲ್ಲುವುದೇ ಇಲ್ಲ. ಮುಂದಕ್ಕೆ ಜಾರಿ ಮತ್ತೆ ಬುಸ್. ಕೈಯಲ್ಲಿ ಎಳೆದರೆ ಮಾತ್ರ ನಿಲ್ಲುತ್ತೆ. ಟ್ಯಾಂಕ್‌ನ ಓ-ರಿಂಗ್ (ಗಾಳಿ ಸೋರದಂತೆ ಹಾಕುವ ರಬ್ಬರ್ ಬಳೆ) ಬದಲಿಸಿದೆ, ಎರಡು ಹನಿ ಪೇಂಟ್‌ಬಾಲ್ ಎಣ್ಣೆ ಹಾಕಿದೆ, 3000 ಪಿಎಸ್‌ಐ ಒತ್ತಡಕ್ಕೆ ತುಂಬಿದ ಬೇರೆ ಟ್ಯಾಂಕ್ ಹಾಕಿಯೂ ನೋಡಿದೆ. ಅದೇ ಕಥೆ. ಹ್ಯಾಮರ್ ಹಿಡಿಯುವ ಸಿಯರ್‌ನ ಅಂಚು ಬೆರಳಿಗೆ ಸ್ವಲ್ಪ ದುಂಡಗೆ ಸಿಗುತ್ತೆ.

ಹ್ಯಾಮರ್‌ನ ಓ-ರಿಂಗ್ ಇನ್ನೂ ಮುಟ್ಟಿಲ್ಲ. ನೀವಾಗಿದ್ದರೆ ಮೊದಲು ಏನು ಬದಲಿಸುತ್ತಿದ್ದಿರಿ, ಸಿಯರ್ ಅಥವಾ ಹ್ಯಾಮರ್ ಓ-ರಿಂಗ್?