ಅಭಯಾರಣ್ಯಕ್ಕೆ ಜೇನುಪೆಟ್ಟಿಗೆ ಬೇಕಾ?

*ಗುಂಪು: ನಮ್ಮ ಮನೆಯವರು*

ಗಣಪಣ್ಣ: (ಫಾರ್ವರ್ಡ್) "ಜೇನು ಅಳಿದರೆ ಮನುಷ್ಯನಿಗೆ ಉಳಿಯುವುದು 4 ವರ್ಷ – ಐನ್‌ಸ್ಟೈನ್. ಎಲ್ಲ ಅಭಯಾರಣ್ಯದಲ್ಲೂ ಸಾವಿರಾರು ಜೇನುಪೆಟ್ಟಿಗೆ ಇಡಿಸಿ."

ಗಣಪಣ್ಣ: ಒಳ್ಳೆ ಯೋಚನೆ. ನಮ್ಮ ದಾಂಡೇಲಿಯ ಕಾಳಿ ಹುಲಿ ಅಭಯಾರಣ್ಯದಿಂದಲೇ ಶುರುವಾಗಲಿ.

ಸುಮಾ: ಅಣ್ಣ, ಐನ್‌ಸ್ಟೈನ್ ಹಾಗೆ ಹೇಳಿದ್ದಕ್ಕೆ ದಾಖಲೆ ಇಲ್ಲ. ಅದಿರಲಿ, ಪೆಟ್ಟಿಗೆ ಮಾತ್ರ ಬೇಡವೇ ಬೇಡ. ಮೆಲ್ಲಿಫೆರಾ ತಂದಿಟ್ಟರೆ ಅದು ಯುರೋಪಿನ ಜೇನು. ನಮ್ಮ ನಾಡಿನ ಜೇನುಗಳಾದ ತುಡುವೆ, ಮಿಸರಿ ಹೋಗುವ ಹೂವಿಗೇ ಅದೂ ಹೋಗುತ್ತದೆ.

ಗಣಪಣ್ಣ: ಕಾಡಿನಲ್ಲಿ ಹೂವಿಗೆ ಬರವಾ? ತುಡುವೆಯನ್ನೇ ಇಡಲಿ ಹಾಗಾದರೆ. ಅಜ್ಜನ ಕಾಲದಲ್ಲಿ ತೋಟದ ತುಂಬಾ ಇತ್ತಲ್ಲ.

ಸುಮಾ: ಇತ್ತು. 1990ರ ದಶಕದ ಶುರುವಿನಲ್ಲಿ ಜೇನಿನ ಮರಿಹುಳು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದಲ್ಲೆಲ್ಲ ತುಡುವೆ ಸತ್ತಿತು. ಪೆಟ್ಟಿಗೆ ಒತ್ತೊತ್ತಾಗಿಟ್ಟರೆ ರೋಗ ಬೇಗ ಹರಡುತ್ತದೆ. ಪೊಟರೆಯಲ್ಲಿರುವ ಕಾಡು ತುಡುವೆಗೆ ಅಂಟಿದರೆ ಯಾರು ನೋಡುತ್ತಾರೆ?

ಶೈಲತ್ತಿಗೆ: ಜೇನಿಲ್ಲದೆ ಕಾಯಿ ಕಟ್ಟುವುದು ಹೇಗೆ ಮಾರಾಯ್ತಿ?

ಸುಮಾ: ಜೇನು ಬೇಕು ಅತ್ತಿಗೆ. ಅದೊಂದೇ ಸಾಲದು. ಬದನೆ ಹೂವನ್ನೇ ನೋಡಿ. ನೀಲಿಪಟ್ಟೆ ಜೇನು ಅದನ್ನು ಹಿಡಿದು ಮೈ ನಡುಗಿಸಿ ಪರಾಗ ಉದುರಿಸುತ್ತದೆ. ತುಡುವೆಗೆ ಅದು ಬರುವುದಿಲ್ಲ. ಈ ನೀಲಿಪಟ್ಟೆಗೆ ಪೆಟ್ಟಿಗೆಯೂ ಇಲ್ಲ, ತುಪ್ಪವೂ ಇಲ್ಲ. ಒಂಟಿಯಾಗಿ ಮಣ್ಣು ಕೊರೆದು ಮೊಟ್ಟೆ ಇಡುತ್ತದೆ.

ಸುಮಾ: ಅತ್ತಿಮರಕ್ಕಂತೂ ಜೇನಿನಿಂದ ಏನೂ ಆಗುವುದಿಲ್ಲ. ಅದರ ಹೂವು ಇರುವುದೇ ಕಾಯಿಯೊಳಗೆ. ಎಳ್ಳಿನಷ್ಟು ದೊಡ್ಡ ಹೆಣ್ಣು ಕಣಜ ತುದಿಯ ಸಣ್ಣ ಕಂಡಿಯಲ್ಲಿ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆಯೇ ಕಳಚುತ್ತದೆ. ಒಳಗೆ ಪರಾಗ ಹಚ್ಚಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅತ್ತಿಮರಕ್ಕೆ ಒಂದು ಕಣಜ, ಆಲಕ್ಕೆ ಬೇರೆಯದು. ಅದು ಹೋದರೆ ಬೀಜವಿಲ್ಲ, ಹಣ್ಣಿಲ್ಲ. ದಾಂಡೇಲಿಯ ಮಂಗಟ್ಟೆ ಹಕ್ಕಿ ಏನು ತಿನ್ನಬೇಕು?

ಗಣಪಣ್ಣ: ಎಲ್ಲ ಸರಿ. ಆದರೆ ಕಣಜ, ಇರುವೆ ಉಳಿಸಿ ಅಂದರೆ ಯಾರು ದುಡ್ಡು ಕೊಡುತ್ತಾರೆ? ಜೇನು ಅಂದರೆ ಜನ ಕಿವಿಗೊಡುತ್ತಾರೆ.

ಸುಮಾ: ದೊಡ್ಡ ಖರ್ಚೇನಿಲ್ಲ ಅಣ್ಣ. ಒಣಮರ ಬಿದ್ದಲ್ಲೇ ಇರಲಿ, ಕಪ್ಪು ದುಂಬಿ ಅದರಲ್ಲೇ ತೂತು ಕೊರೆಯುವುದು. ದರಕಿಗೆ, ಅಂದರೆ ಉದುರಿದ ಒಣಎಲೆಗೆ, ಬೆಂಕಿ ಬೀಳದಂತೆ ನೋಡಿಕೊಳ್ಳಲಿ. ನಮ್ಮ ಘಟ್ಟದಲ್ಲಿ ಬೇಟೆಯ ಮೇಲೆ ಜಿಗಿಯುವ ಇರುವೆ ಇದೆ, ಅದರ ಗೂಡು ನೆಲದಲ್ಲೇ.

ಶೈಲತ್ತಿಗೆ: ಹಾಗಾದರೆ ನಾವು ದರಕು ಗುಡಿಸಬಾರದಾ?

ಸುಮಾ: ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟದ್ದು ತರೋಣ, ಪೂರ್ತಿ ಬೋಳಿಸುವುದು ಬೇಡ. ಅಭಯಾರಣ್ಯದ್ದು ಅಲ್ಲೇ ಇರಲಿ.

ಗಣಪಣ್ಣ: ಕಾಡಂಚಿನಲ್ಲಿ ನಾಲ್ಕು ತುಡುವೆ ಪೆಟ್ಟಿಗೆ ಇಟ್ಟರೆ ತಪ್ಪಿಲ್ಲ ಅಂತಲೇ ನನ್ನ ಲೆಕ್ಕ.

ಸುಮಾ: ನಾಲ್ಕಾದರೆ ನಮ್ಮ ತೋಟದಲ್ಲೇ ಇಡೋಣ, ನಾನೂ ಬರುತ್ತೇನೆ. ಆ ಫಾರ್ವರ್ಡ್ ಮಾತ್ರ ಬೇರೆ ಗುಂಪಿಗೆ ಹಾಕಬೇಡ.