ಪದಚರ್ಚೆ: ಆಟದ ನಾಯಕ ಮೂಕನೋ, ಮೌನಿಯೋ, ಇನ್ನೇನೋ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಡಿಯೋ ಗೇಮ್‌ಗಳು ಕತೆ ಹೇಳುವ ಬಗೆಯ ಮೇಲೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. 'ಸೈಲೆಂಟ್ ಪ್ರೊಟಾಗನಿಸ್ಟ್', 'ವಾಯ್ಸ್ಡ್ ಪ್ರೊಟಾಗನಿಸ್ಟ್' ಎಂಬ ಜೋಡಿಗೆ ಏನು ಹೇಳಬೇಕು ಅನ್ನೋದರಲ್ಲಿ ಲೇಖನ ನಿಂತುಬಿಟ್ಟಿದೆ. ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಒಂದು ಪಾತ್ರವನ್ನು ನಾವೇ ವಹಿಸಿಕೊಂಡು ಕತೆ ನಡೆಸುವ ಆರ್‌ಪಿಜಿ ಆಟಗಳನ್ನು ಆಡುವವರ ನಡುವೆ ಇದು ಹಳೆಯ ವಾದ. ನಾವು ನಡೆಸುವ ಮುಖ್ಯ ಪಾತ್ರದ ಮಾತು ನಮ್ಮ ಕಿವಿಗೆ ಕೇಳಿಸಬೇಕೋ ಬೇಡವೋ ಅನ್ನೋದೇ ಆ ವಾದ. ಬಾಯಿಗೆ ಮೊದಲು ಬರುವ ಪದ 'ಮೂಕ ನಾಯಕ'. ಎರಡನೆಯದು 'ಮೌನಿ ನಾಯಕ'. ಎರಡೂ ನನಗೆ ಒಪ್ಪಿಗೆಯಾಗುತ್ತಿಲ್ಲ.

'ಮೂಕ' ಅಂದರೆ ಮಾತು ಬಾರದವನು. ಈ ಆಟಗಳ ನಾಯಕರಿಗೆ ಮಾತು ಚೆನ್ನಾಗಿಯೇ ಬರುತ್ತದೆ. ರಾಜನ ಜೊತೆ ವಾದ ಮಾಡುತ್ತಾರೆ, ಚೌಕಾಸಿ ಮಾಡುತ್ತಾರೆ, ಕತ್ತಿ ಎತ್ತಿದವನನ್ನು ಮಾತಿನಲ್ಲೇ ತಡೆಯುತ್ತಾರೆ. ಜೊತೆಗೆ, ನಿಜವಾಗಿ ಮಾತು ಬಾರದವರಿಗೆ ನೋವು ಕೊಡುತ್ತಾ ಬಂದಿರುವ ಪದ ಅದು. ಅದನ್ನು ಸುಮ್ನೆ ಇಲ್ಲಿಗೂ ಎಳೆದು ತರಲು ಮನಸ್ಸಿಲ್ಲ. 'ಮೂಕಿ ಚಿತ್ರ' ಅಂತ ಹೇಳ್ತೀವಲ್ಲ ಎಂದು ನೀವು ಕೇಳಬಹುದು. ಆದರೆ ಅಲ್ಲಿ ಮೂಕಿ ಆಗಿರುವುದು ಚಿತ್ರ, ಪಾತ್ರ ಅಲ್ಲ. ಮೂಕಿ ಚಿತ್ರದ ಪಾತ್ರಗಳು ಜಗಳ ಆಡುತ್ತವೆ, ಬೇಡಿಕೊಳ್ಳುತ್ತವೆ, ಅವುಗಳ ಮಾತು ಬರಹವಾಗಿ ತೆರೆಗೆ ಬರುತ್ತದೆ. ಅವುಗಳನ್ನು ಯಾರೂ ಮೂಕರು ಅನ್ನುವುದಿಲ್ಲ.

'ಮೌನ' ಅಂದರೆ ಮಾತಾಡಬಲ್ಲವರು ಬೇಕೆಂದೇ ಬಾಯಿ ಮುಚ್ಚಿಕೊಂಡಿರುವುದು. ಮೌನವ್ರತ, ಮೌನ ಮೆರವಣಿಗೆ, ಎಲ್ಲದರಲ್ಲೂ ಒಂದು ತೀರ್ಮಾನ ಇದೆ. 'ಮೌನಿ' ಅಂದ ಕೂಡಲೇ ತಪಸ್ವಿಯೊಬ್ಬ ಕಣ್ಣ ಮುಂದೆ ಬರುತ್ತಾನೆ. ಆಟದ ನಾಯಕ ಅಂಥ ತೀರ್ಮಾನ ಏನೂ ಮಾಡಿಲ್ಲ.

ತೊಡಕಿನ ಮೂಲ ಇಂಗ್ಲಿಷ್ ಪದದಲ್ಲೇ ಇದೆ ಅನ್ನಿಸುತ್ತದೆ. 'ಸೈಲೆಂಟ್' ಅನ್ನೋದು ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ.

1995ರ 'ಕ್ರೋನೋ ಟ್ರಿಗರ್' ನೋಡಿ. ಅದರ ನಾಯಕ ಕ್ರೋನೋ. ಗೆಳೆಯರು ಅವನನ್ನು ಕೇಳುತ್ತಾರೆ, ಬೈಯುತ್ತಾರೆ, ಅವನು ಉತ್ತರ ಕೊಟ್ಟ ಹಾಗೆ ಮುಂದಿನ ಮಾತು ಆಡುತ್ತಾರೆ. ಅವನ ಮಾತು ಮಾತ್ರ ನಮಗೆ ಕಾಣಿಸುವುದೂ ಇಲ್ಲ, ಕೇಳಿಸುವುದೂ ಇಲ್ಲ. ಆ ಜಾಗವನ್ನು ಆಡುವವರೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು.

ಈಗ 2009ರ 'ಡ್ರ್ಯಾಗನ್ ಏಜ್: ಒರಿಜಿನ್ಸ್' ಅಥವಾ 2010ರ 'ಫಾಲ್‌ಔಟ್: ನ್ಯೂ ವೇಗಸ್' ನೋಡಿ. ಇಲ್ಲಿ ನಮ್ಮ ಪಾತ್ರ ಹೇಳಬಹುದಾದ ಮಾತುಗಳು ಪೂರ್ತಿ ವಾಕ್ಯಗಳಾಗಿ ತೆರೆಯ ಮೇಲೆ ಬರುತ್ತವೆ. ನಾವು ಒಂದನ್ನು ಆರಿಸುತ್ತೇವೆ. ಎದುರಿನವರು ಅದನ್ನು ಕೇಳಿಸಿಕೊಂಡು ನಗುತ್ತಾರೆ, ಸಿಟ್ಟಾಗುತ್ತಾರೆ, ಜೊತೆ ಬಿಟ್ಟು ಹೋಗುತ್ತಾರೆ. 1999ರ 'ಪ್ಲೇನ್‌ಸ್ಕೇಪ್: ಟಾರ್ಮೆಂಟ್' ಆಟದ ಹೆಸರಿಲ್ಲದ ನಾಯಕನಿಗಂತೂ ಹೋರಾಟಕ್ಕಿಂತ ಮಾತೇ ಜಾಸ್ತಿ. ಅವನನ್ನು ಮೌನಿ ಅಂದರೆ ಆ ಆಟ ಆಡಿದ ಯಾರೂ ಒಪ್ಪಲಾರರು. ಇವರೆಲ್ಲರ ಮಾತು ಇದೆ. ಸದ್ದು ಮಾತ್ರ ಇಲ್ಲ.

ಹಾಗಾದರೆ 'ದನಿಯಿಲ್ಲದ ನಾಯಕ' ಅನ್ನೋಣ ಅಂದುಕೊಂಡೆ. ಅಲ್ಲಿ ಇನ್ನೊಂದು ತೊಂದರೆ. 'ದನಿಯಿಲ್ಲದವರು' ಅಂದರೆ ಪತ್ರಿಕೆಗಳ ಕನ್ನಡದಲ್ಲಿ ತುಳಿತಕ್ಕೆ ಸಿಕ್ಕವರು, ಕೇಳುವವರಿಲ್ಲದವರು. ಲೋಕವನ್ನೇ ಉಳಿಸಲು ಹೊರಟ ನಾಯಕನಿಗೆ ಆ ಅರ್ಥ ಹೊಂದುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಇವರಲ್ಲಿ ಹಲವರಿಗೆ ದನಿ ಇದೆ! 2011ರ 'ಸ್ಕೈರಿಮ್' ಆಟವನ್ನೇ ತಗೊಳ್ಳಿ. ಅದರ ನಾಯಕ ಸಂಭಾಷಣೆಯಲ್ಲಿ ಒಂದು ಸಲವೂ ದನಿ ತೆಗೆಯುವುದಿಲ್ಲ, ಎಲ್ಲ ಬರಹವೇ. ಆದರೆ ಆ ನಾಯಕನ ದೊಡ್ಡ ಶಕ್ತಿ ಇರುವುದೇ ಕೂಗಿನಲ್ಲಿ. 'ಫಸ್ ರೋ ದಾ' ಅಂತ ಗಂಟಲು ಹರಿಯುವ ಹಾಗೆ ಕೂಗಿದರೆ ಎದುರಿಗಿದ್ದವರು ಹಾರಿ ಬೀಳುತ್ತಾರೆ. 'ಪರ್ಸೋನಾ 5' ನಾಯಕನೂ ಅಷ್ಟೇ. ಮಾತುಕತೆಯಲ್ಲಿ ನಾವು ಆರಿಸಿದ ಬರಹ, ಕಾಳಗದಲ್ಲಿ ಮಾತ್ರ ಅವನ ಕೂಗು. 2023ರ 'ಬಾಲ್ಡರ್ಸ್ ಗೇಟ್ 3'ರಲ್ಲಿ ಪಾತ್ರ ಕಟ್ಟುವಾಗ ನಾವೇ ಒಂದು ದನಿ ಆರಿಸುತ್ತೇವೆ. ಓಡಾಡುವಾಗ ಆ ದನಿ ಒಂದೊಂದು ಮಾತು ಆಡುತ್ತದೆ. ಸಂಭಾಷಣೆ ಶುರುವಾದರೆ ಮತ್ತೆ ಬರಿಯ ಬರಹ.

ಇದನ್ನೆಲ್ಲ ನೋಡಿದ ಮೇಲೆ ನನಗೆ ತೋಚಿದ್ದು ಇದು. ದನಿ ಇದೆ, ಇಲ್ಲ ಅನ್ನೋದು ನಾಯಕನ ಗುಣ ಅಲ್ಲ, ಅವನ ಸಂಭಾಷಣೆಯ ಗುಣ. ಹಾಗಾಗಿ ವಿಶೇಷಣವನ್ನು ನಾಯಕನಿಂದ ಬಿಡಿಸಿ ಮಾತಿಗೆ ಹಚ್ಚಬೇಕು. ಕ್ರೋನೋ 'ಮಾತಿಲ್ಲದ ಪಾತ್ರ'. 'ನ್ಯೂ ವೇಗಸ್' ನಾಯಕ 'ಬರಹಮಾತಿನ ಪಾತ್ರ'. 2007ರ 'ಮಾಸ್ ಎಫೆಕ್ಟ್' ಆಟದ ಕಮಾಂಡರ್ ಶೆಪರ್ಡ್ 'ದನಿಮಾತಿನ ಪಾತ್ರ'. ಮೂರೂ ಹೇಳಿದ ಕೂಡಲೇ ತಿಳಿಯುತ್ತವೆ. 'ನಾಯಕ' ಬಿಟ್ಟು 'ಪಾತ್ರ' ಅಂದದ್ದಕ್ಕೂ ಕಾರಣ ಇದೆ. ಈ ಆಟಗಳಲ್ಲಿ ಗಂಡೋ ಹೆಣ್ಣೋ ಅನ್ನೋದನ್ನು ಅನೇಕ ಸಲ ಆಡುವವರೇ ಆರಿಸುತ್ತಾರೆ. ನಾಯಕ ಅಂದರೆ ನಾಯಕಿ ಹೊರಗೆ ಉಳಿಯುತ್ತಾಳೆ. ಪಾತ್ರ ಅಂದರೆ 'ಮಾತಾಡಿತು' ಎಂದು ನಪುಂಸಕದಲ್ಲಿ ಬರೆದು ಮುಂದೆ ಹೋಗಬಹುದು.

ಇಷ್ಟು ಪಟ್ಟು ಯಾಕೆ, ಒಂದು ಪದ ಇಟ್ಟುಕೊಂಡು ಬರೆದರೆ ಆಗಲ್ವಾ ಎಂದು ಕೇಳಬಹುದು. ಆಗಲ್ಲ ಅಂತ ನನ್ನ ನಂಬಿಕೆ. ಬರಹಮಾತಿಗೂ ದನಿಮಾತಿಗೂ ಇರುವ ವ್ಯತ್ಯಾಸ ಬರೀ ಸದ್ದಿನದಲ್ಲ. 'ಆಯ್ತು, ಹೋಗು' ಅಂತ ತೆರೆಯ ಮೇಲೆ ಬಂತು ಅನ್ನಿ. ಅದು ಸಿಟ್ಟಿನ ಮಾತೋ, ಪ್ರೀತಿಯದೋ, ಸೋತು ಹೇಳಿದ್ದೋ? ಓದುವವರು ತಮ್ಮ ಪಾತ್ರ ಹೇಗಿದೆಯೋ ಹಾಗೆ ಓದಿಕೊಳ್ಳುತ್ತಾರೆ. ದನಿ ಬಂದರೆ ಮೂರರಲ್ಲಿ ಒಂದು ಮಾತ್ರ ಉಳಿಯುತ್ತದೆ. ಆ ಆಯ್ಕೆ ಕಲಾವಿದರದು, ಆಡುವವರದಲ್ಲ. ಪಾತ್ರವನ್ನು ನಾವೇ ಕಟ್ಟುವ ಆಟಗಳಲ್ಲಿ ನನ್ನ ಒಲವು ಬರಹಮಾತಿನ ಕಡೆಗೇ. ಅದೇ 2015ರ 'ದಿ ವಿಚರ್ 3' ಆಟದ ಗೆರಾಲ್ಟ್ ಬೇರೆ. ಅವನು ಮೊದಲೇ ಒಬ್ಬ ವ್ಯಕ್ತಿ. ಅವನ ಒರಟು ದನಿ ತೆಗೆದುಬಿಟ್ಟರೆ ಅರ್ಧ ಗೆರಾಲ್ಟ್ ಹೋದ ಹಾಗೆ.

ದನಿಮಾತಿಗೆ ಬೆಲೆಯೂ ಇದೆ. 2015ರ 'ಫಾಲ್‌ಔಟ್ 4'ರಲ್ಲಿ ಆ ಸರಣಿಯ ಮುಖ್ಯ ಪಾತ್ರಕ್ಕೆ ಮೊದಲ ಬಾರಿಗೆ ಪೂರ್ತಿ ದನಿ ಬಂತು. ಗಂಡು ಪಾತ್ರಕ್ಕೆ ಬ್ರಯನ್ ಡೆಲೇನಿ, ಹೆಣ್ಣು ಪಾತ್ರಕ್ಕೆ ಕೋರ್ಟ್ನಿ ಟೇಲರ್ ತಲಾ 13,000ಕ್ಕೂ ಹೆಚ್ಚು ಸಾಲುಗಳನ್ನು ಓದಿದರು. ಒಂದೊಂದು ಸಾಲಿಗೂ ಎರಡೆರಡು ಸಲ ಖರ್ಚು. ಬರೆದದ್ದನ್ನು ಕೊನೆಯಲ್ಲಿ ತಿದ್ದಬೇಕೆಂದರೆ ಮತ್ತೆ ಸ್ಟುಡಿಯೋಗೆ ಹೋಗಬೇಕು. ಸಂಭಾಷಣೆಯ ಆಯ್ಕೆಗಳು ನಾಲ್ಕಕ್ಕೆ ನಿಂತವು, ಅವೂ ಒಂದೆರಡು ಪದದ ತುಣುಕುಗಳು. ತಾವು ಆರಿಸಿದ್ದು ಒಂದು, ಪಾತ್ರ ಆಡಿದ್ದು ಇನ್ನೊಂದು ಎಂದು ಆಟಗಾರರು ಗೊಣಗಿದರು. ಪೂರ್ತಿ ವಾಕ್ಯ ತೋರಿಸುವ ಮಾಡ್ ಒಂದನ್ನು, ಅಂದರೆ ಆಟವನ್ನು ಮಾರ್ಪಡಿಸುವ ಸೇರ್ಪಡೆಯನ್ನು, ತಾವೇ ಮಾಡಿಕೊಂಡರು. ಆ ಆಟ ಮಾಡಿದ ಬೆಥೆಸ್ಡಾ ಸಂಸ್ಥೆಯೇ 2023ರ 'ಸ್ಟಾರ್‌ಫೀಲ್ಡ್'ನಲ್ಲಿ ಮತ್ತೆ ಬರಹಮಾತಿಗೆ ಮರಳಿತು.

ಹೆಸರಿನ ಕತೆ ಇನ್ನೂ ಸ್ವಾರಸ್ಯ. 2001ರ 'ಫೈನಲ್ ಫ್ಯಾಂಟಸಿ 10' ಆ ಸರಣಿಯಲ್ಲಿ ದನಿ ಬಂದ ಮೊದಲ ಆಟ. ನಾಯಕ ಟೀಡಸ್. ಆದರೆ ಆಟಗಾರರು ಅವನ ಹೆಸರನ್ನು ಬದಲಿಸಬಹುದು, ಅವರಿಡುವ ಹೆಸರನ್ನು ಮೊದಲೇ ದನಿಯಲ್ಲಿ ಹಿಡಿದಿಡಲು ಆಗದು. ಹಾಗಾಗಿ ಅಷ್ಟು ಉದ್ದದ ಕತೆಯಲ್ಲಿ, ಅವನನ್ನು ಪ್ರೀತಿಸುವವಳು ಕೂಡ ಮಾತಿನಲ್ಲಿ ಅವನ ಹೆಸರು ಹಿಡಿದು ಕರೆಯುವುದಿಲ್ಲ. 'ಮಾಸ್ ಎಫೆಕ್ಟ್' ಇದಕ್ಕೆ ಬೇರೆ ದಾರಿ ಹುಡುಕಿತು. ಹೆಸರು ನಿಮ್ಮದು, ಕುಲನಾಮ ಮಾತ್ರ ಎಲ್ಲರಿಗೂ ಶೆಪರ್ಡ್.

ಇಲ್ಲಿಂದ ಕನ್ನಡದ್ದೇ ಆದ ಪ್ರಶ್ನೆಗಳು ಶುರುವಾಗುತ್ತವೆ. ನಿಮ್ಮ ಸಹಾಯ ನನಗೆ ಹೆಚ್ಚು ಬೇಕಾಗಿರುವುದು ಇಲ್ಲೇ. ಲೇಖನದಲ್ಲಿ ಕೆಲವು ಸಂಭಾಷಣೆಗಳನ್ನು ಕನ್ನಡದಲ್ಲಿ ಬರೆದು ತೋರಿಸುತ್ತಿದ್ದೇನೆ. ಒಂದು ವಿಷಯದಲ್ಲಿ ಕನ್ನಡ ತುಂಬ ಅನುಕೂಲ. 'ನಾನು ಬಂದೆ', 'ನಾನು ಕೊಡಲ್ಲ' ಅನ್ನೋದು ಗಂಡು ಹೇಳಿದರೂ ಹೆಣ್ಣು ಹೇಳಿದರೂ ಒಂದೇ. ಹಿಂದಿಯಲ್ಲಾದರೆ ಇಂಥ ಕಡೆ ಎರಡೆರಡು ರೂಪ ಬರೆಯಬೇಕು. ಆದರೆ ನೀನು, ನೀವು ಬಂದ ಕೂಡಲೇ ಕಷ್ಟ. ಇಂಗ್ಲಿಷಿನ 'ಯೂ' ಯಾರಿಗೂ ಏನೂ ಬಿಟ್ಟುಕೊಡುವುದಿಲ್ಲ. ಕನ್ನಡದ ನಾಯಕ ರಾಜನಿಗೆ 'ನೀನು ಸುಳ್ಳು ಹೇಳ್ತಿದ್ದೀಯ' ಅಂದರೆ ಒಂದು ಸ್ವಭಾವ, 'ನೀವು ಸುಳ್ಳು ಹೇಳ್ತಿದ್ದೀರಿ' ಅಂದರೆ ಇನ್ನೊಂದು. ಪಾತ್ರ ಎಷ್ಟೇ ಖಾಲಿ ಇರಲಿ ಅಂತ ನಾವು ಬಯಸಿದರೂ, ಈ ಒಂದು ಸರ್ವನಾಮದಲ್ಲೇ ಅದರ ವಯಸ್ಸು, ಗತ್ತು, ಸಲುಗೆ ಎಲ್ಲ ಹೊರಬೀಳುತ್ತವೆ. ಎರಡನ್ನೂ ಎರಡು ಆಯ್ಕೆಗಳಾಗಿ ಇಡುವುದೇ ಸರಿ ಅಂತ ನನಗೆ ಅನ್ನಿಸುತ್ತದೆ. ಆಟದ ಲೋಕ ನೀನು ಅಂದವರನ್ನೂ ನೀವು ಅಂದವರನ್ನೂ ಬೇರೆ ಬೇರೆಯಾಗಿ ನಡೆಸಿಕೊಂಡರೆ ಎಷ್ಟು ಚೆನ್ನಾಗಿರುತ್ತದೆ!

'ಯೆಸ್', 'ನೋ' ಇನ್ನೂ ಬಿಗಿ. 1986ರ ಮೊದಲ 'ಡ್ರ್ಯಾಗನ್ ಕ್ವೆಸ್ಟ್' ಆಟದಲ್ಲಿ ನಾಯಕನ ಇಡೀ ಮಾತು ಇವೆರಡೇ. ಕೊನೆಯ ಖಳ ಅರ್ಧ ಲೋಕ ಕೊಡ್ತೀನಿ, ನನ್ನ ಜೊತೆ ಸೇರ್ತೀಯಾ ಅಂತ ಕೇಳಿದಾಗಲೂ ಉತ್ತರ ಅವೇ ಎರಡು. ಕನ್ನಡದಲ್ಲಿ ಇದಕ್ಕೆ 'ಹೌದು, ಇಲ್ಲ' ಅಂತ ಬರೆದರೆ ಕೃತಕ. 'ನೀನು ಆ ವೀರನ ವಂಶದವನಾ?' ಅಂದರೆ ಹೌದು, ಅಲ್ಲ. 'ಕೀಲಿಕೈ ಇದೆಯಾ?' ಅಂದರೆ ಇದೆ, ಇಲ್ಲ. 'ಸೇರ್ತೀಯಾ?' ಅಂದರೆ ಸೇರ್ತೀನಿ, ಸೇರಲ್ಲ. ಪ್ರಶ್ನೆಯಲ್ಲಿರುವ ಕ್ರಿಯಾಪದವೇ ಉತ್ತರದಲ್ಲಿ ಮರಳಬೇಕು. ಒಂದೇ ಜೋಡಿ ಗುಂಡಿ ಇಟ್ಟು ಇಡೀ ಆಟ ನಡೆಸಲು ನಮ್ಮ ನುಡಿ ಬಿಡುವುದಿಲ್ಲ. ಎರಡೇ ಮಾತಿನ ನಾಯಕ ಕನ್ನಡಕ್ಕೆ ಬಂದರೆ ತಾನಾಗೇ ಮಾತುಗಾರ ಆಗಿಬಿಡುತ್ತಾನೆ.

ಇನ್ನೊಂದು ಸಣ್ಣ ವಿಷಯ. ಕನ್ನಡದಲ್ಲಿ ಆಟವನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ. 'ಆಡದ ನಾಯಕ' ಅಂದರೆ ಆಡದೇ ಇರುವುದು ಆಟವನ್ನೋ ಮಾತನ್ನೋ ತಿಳಿಯುವುದಿಲ್ಲ. ಆ ದಾರಿಯಲ್ಲಿ ಪದ ಕಟ್ಟುವ ಆಸೆ ಬಂದರೂ ಬಿಟ್ಟುಬಿಟ್ಟೆ.

ಈಗ ಕೇಳಬೇಕಾದದ್ದು. 'ಬರಹಮಾತು', 'ದನಿಮಾತು' ಎಂಬ ಸಮಾಸಗಳು ನಿಮ್ಮ ಕಿವಿಗೆ ಒಗ್ಗುತ್ತವೆಯೇ? 'ಬರಹದ ಮಾತಿನ ಪಾತ್ರ' ಎಂದು ಬಿಡಿಸಿ ಬರೆದರೆ ಓದಲು ಸುಲಭವೇ, ಅಥವಾ ಉದ್ದವಾಯಿತೇ? ಪಾತ್ರಕ್ಕೆ ದನಿ ಕೊಡುವ ಕೆಲಸಕ್ಕೆ 'ಕಂಠದಾನ' ಅನ್ನುವ ರೂಢಿ ಇದೆ. ಆದರೆ ಸಿನಿಮಾದಲ್ಲಿ ಆ ಪದ ಒಬ್ಬ ನಟನಿಗೆ ಇನ್ನೊಬ್ಬರು ದನಿ ಕೊಟ್ಟಾಗ ಹೆಚ್ಚು ಬಳಕೆ. ಶೆಪರ್ಡ್‌ಗೆ ಮಾರ್ಕ್ ಮೀರ್ ಮತ್ತು ಜೆನ್ನಿಫರ್ ಹೇಲ್ ಕೊಟ್ಟ ದನಿ ಬಿಟ್ಟರೆ ಇಂಗ್ಲಿಷಿನಲ್ಲಿ ಆ ಪಾತ್ರಕ್ಕೆ ಬೇರೆ ದನಿಯೇ ಇಲ್ಲ. ಅದನ್ನು ಕಂಠದಾನ ಅನ್ನಬಹುದೇ, 'ದನಿನಟನೆ' ಅನ್ನೋದು ಮೇಲೇ?

ಕೊನೆಯದಾಗಿ, ದನಿಮಾತಿನ ಆಟಗಳಲ್ಲಿ ತೆರೆಯ ಮೇಲೆ ಬರುವ ಆ ಚಿಕ್ಕ ತುಣುಕಿಗೆ ಒಂದು ಪದ ಬೇಕು. ಅದು ಪಾತ್ರ ಆಡುವ ಮಾತಲ್ಲ, ಆಡಲಿರುವ ಮಾತಿನ ಮುನ್ಸೂಚನೆ. 'ಸಾರ' ಅನ್ನೋಣ ಅಂದರೆ ಎಷ್ಟೋ ಸಲ ಅದರಲ್ಲಿ ಸಾರ ಇರುವುದೇ ಇಲ್ಲ, ಬರೀ ಧಾಟಿ ಇರುತ್ತದೆ. 2011ರ 'ಡ್ರ್ಯಾಗನ್ ಏಜ್ 2' ಇದಕ್ಕೆಂದೇ ಪ್ರತಿ ಆಯ್ಕೆಯ ಜೊತೆ ಒಂದು ಚಿತ್ರ ತೋರಿಸಿತು. ಮೆತ್ತಗೆ ಹೇಳುವುದಕ್ಕೆ ಒಂದು, ತಮಾಷೆಗೆ ಒಂದು, ಗದರುವುದಕ್ಕೆ ಒಂದು. ಸದ್ಯಕ್ಕೆ 'ಮಾತಿನ ಸುಳಿವು' ಅಂತ ಬರೆದುಕೊಂಡಿದ್ದೇನೆ. ಇದಕ್ಕಿಂತ ಚಿಕ್ಕದು, ಧಾಟಿಯ ಅರ್ಥವೂ ಬರುವಂಥದ್ದು ನಿಮಗೆ ಹೊಳೆದರೆ ದಯವಿಟ್ಟು ಬರೆಯಿರಿ.