ಮಂಡಿ ಆಪರೇಷನ್‌ಗೆ ಮುಂಚೆ ರಕ್ತ ತಡೆಯುವ ಮಾತ್ರೆ: ತೆಗೆದುಕೊಂಡವರು ಅನುಭವ ಹೇಳಿ

ಅಮ್ಮನಿಗೆ ಮುಂದಿನ ವಾರ ಮಂಡಿ ಬದಲಿಸುವ ಆಪರೇಷನ್. ರಕ್ತ ಜಾಸ್ತಿ ಹೋಗದಿರಲಿ ಅಂತ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಡುತ್ತಾರಂತೆ. ಆಮೇಲೆ ರಕ್ತ ತೆಳುವಾಗಲು ಬೇರೆ ಮಾತ್ರೆಯೂ ಇದೆಯಂತೆ. ಒಂದಕ್ಕೊಂದು ವಿರುದ್ಧ ಅಲ್ವಾ? ಇಂಜೆಕ್ಷನ್ ಇಲ್ಲದೆ ಮಾತ್ರೆಯೇ ಸಾಕಾ?

ಉತ್ತರ 1:
ನನಗೂ ಇದೇ ಗೊಂದಲ ಇತ್ತು. ಹೋದ ವರ್ಷ ನನ್ನ ಬಲಮಂಡಿ ಆಪರೇಷನ್ ಆಯಿತು. ಸುಮಾರು ಎರಡು ಗಂಟೆ ಮುಂಚೆ ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಿಸಿದರು. ಡಾಕ್ಟರು ಬಿಡಿಸಿ ಹೇಳಿದ್ದು ಹೀಗೆ: ಗಾಯದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪನ್ನು ಕರಗಿಸುವ ಕೆಲಸವನ್ನೂ ದೇಹವೇ ಮಾಡುತ್ತದೆ. ಆಪರೇಷನ್ ಹೊತ್ತಿನಲ್ಲಿ ರಕ್ತ ಹರಿಯದಂತೆ ತೊಡೆಗೆ ಬಿಗಿದ ಪಟ್ಟಿ ಬಿಚ್ಚಿದಾಗ ಕರಗುವುದು ಇನ್ನೂ ಜೋರಾಗುತ್ತದೆ. ಈ ಮಾತ್ರೆ ಕರಗುವುದನ್ನು ತಡೆಯುತ್ತದೆ, ಅಷ್ಟೇ. ಹೊಸ ಹೆಪ್ಪು ಕಟ್ಟಿಸುವ ಔಷಧಿ ಅಲ್ಲ.

ಇದರ ಕೆಲಸ ಮುಖ್ಯವಾಗಿ ಮೊದಲ ದಿನದ್ದು. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಭಯ ಮಾತ್ರ ವಾರಗಟ್ಟಲೆ ಇರುತ್ತದೆ, ಅದಕ್ಕೇ ಆ ಇನ್ನೊಂದು ಮಾತ್ರೆ. ಹಿಮೋಗ್ಲೋಬಿನ್ 12.4 ಇದ್ದದ್ದು ಮೂರನೇ ದಿನ 10.6 ಆಯಿತು, ರಕ್ತ ಕೊಡಿಸಬೇಕಾಗಲಿಲ್ಲ. ಆದರೆ ಕಾಲು ಪಾದದವರೆಗೂ ನೀಲಿಗಟ್ಟಿತ್ತು. ಮಾತ್ರೆ ಕೊಟ್ಟರೂ ಒಳಗೊಳಗೇ ಸ್ವಲ್ಪ ರಕ್ತ ಹೋಗುತ್ತದೆ. ಅದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ, ತುಂಬಾ ಹೆದರಿದ್ದೆ. ನಿಮ್ಮ ಅಮ್ಮನಿಗೆ ಈಗಲೇ ಹೇಳಿಡಿ.

ಉತ್ತರ 2:
ಮೂಳೆ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಮಾತ್ರೆ ಸಾಕಾ ಅಂತ ಕೇಳಿದ್ದೀರಿ. ಅಮೆರಿಕದ ಸೊಂಟ ಮತ್ತು ಮಂಡಿ ಸರ್ಜನ್‌ಗಳ ಸಂಘ 2018ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಮಾತ್ರೆ, ಇಂಜೆಕ್ಷನ್, ಕೀಲಿನೊಳಗೇ ಹಾಕುವುದು, ಮೂರರಿಂದಲೂ ರಕ್ತ ಹೋಗುವುದು ಕಡಿಮೆ ಆಗುತ್ತದೆ. ಯಾವುದೂ ಇನ್ನೊಂದಕ್ಕಿಂತ ಖಂಡಿತ ಮೇಲು ಅಂತ ಅವರು ಹೇಳಿಲ್ಲ. ಹೊತ್ತು ಮಾತ್ರ ಮುಖ್ಯ. ನುಂಗಿದ ಮೇಲೆ ರಕ್ತದಲ್ಲಿ ಮಟ್ಟ ಪೂರ್ತಿ ಏರಲು ಮೂರು ಗಂಟೆಯಷ್ಟು ಬೇಕು. ಆಪರೇಷನ್ ಹಿಂದೆ ಮುಂದೆ ಆದರೆ, ನುಂಗಿದ ಗಂಟೆಯನ್ನು ನರ್ಸ್‌ಗೆ ನೆನಪಿಸಿ. ಕೆಲವರಿಗೆ ವಾಕರಿಕೆ, ಭೇದಿ ಆಗಬಹುದು.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ನಮ್ಮ ಅಪ್ಪನಿಗೆ ಕಿಡ್ನಿ ತೊಂದರೆ ಇತ್ತು. ಈ ಔಷಧಿ ಮೂತ್ರದಲ್ಲೇ ಹೊರಗೆ ಹೋಗಬೇಕು, ಹಾಗಾಗಿ ಡೋಸ್ ಕಡಿಮೆ ಮಾಡಿದರು. ಹಳೇ ರಿಪೋರ್ಟ್ ತೋರಿಸಿದ್ದರಿಂದ ಗೊತ್ತಾಯಿತು. ಮುಂಚೆ ಯಾವಾಗಲಾದರೂ ಕಾಲಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪು ಕಟ್ಟಿದ್ದರೆ, ಪಾರ್ಶ್ವವಾಯು, ಫಿಟ್ಸ್, ಹೃದಯಕ್ಕೆ ಸ್ಟೆಂಟ್ ಇದ್ದರೆ ಒಂದೂ ಬಿಡದೆ ಹೇಳಿ. ಅಮ್ಮನಿಗೆ ರಕ್ತ ಕಡಿಮೆ ಇದೆಯಾ ಅಂತ ಈ ವಾರವೇ ನೋಡಿಸಿ. ಟ್ರಾನೆಕ್ಸಾಮಿಕ್ ಮಾತ್ರೆ ಉಳಿದಿದ್ದರೆ ಮನೆಯಲ್ಲಿ ನೀವೇ ಕೊಡಬೇಡಿ.

ಮನೆಗೆ ಬಂದ ಮೇಲೆ ಮೀನಖಂಡ ಊದಿ ನೋವು ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.